ಹಳೆಯ ಪಿಯಾನೋ ಮತ್ತು ಬೆಲೆ ಕಟ್ಟುವವನ ಧರ್ಮ

ಎಸ್.ಎಸ್.ಎಲ್.ಸಿ. ಮೌಲ್ಯಮಾಪನಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನಮಗೊಂದು ಕಟ್ಟುನಿಟ್ಟಾದ ನಿಯಮವಿತ್ತು: ಉತ್ತರಪತ್ರಿಕೆ ಯಾರದೆಂದು ಮೌಲ್ಯಮಾಪಕನಿಗೆ ತಿಳಿಯಬಾರದು. ಅಂಕದಿಂದ ತನಗೆ ಲಾಭವಾಗಲಿ ನಷ್ಟವಾಗಲಿ ಇಲ್ಲದವನೇ ಅಂಕ ಕೊಡಬೇಕೆಂಬುದು ಅದರ ತಾತ್ಪರ್ಯ. ಇದೇ ತತ್ತ್ವ ಅಮೆರಿಕದ ಹಳೆಯ ಪಿಯಾನೋಗಳ ಇತಿಹಾಸದಲ್ಲಿಯೂ ಅಡಗಿದೆಯೆಂದರೆ ನನ್ನ ವಿದ್ಯಾರ್ಥಿಗಳಿಗೆ ಅಚ್ಚರಿಯಾಗಬಹುದು.

ಇಟಲಿಯ ಫ್ಲಾರೆನ್ಸಿನಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬಾತನು ಪಿಯಾನೋವನ್ನು ರೂಪಿಸಿದನು. ಎರಡು ಶತಮಾನಗಳಲ್ಲಿ ಅದು ಅಮೆರಿಕದ ಮಧ್ಯಮವರ್ಗದ ಮನೆಗಳ ಪ್ರತಿಷ್ಠೆಯ ಸಂಕೇತವಾಯಿತು. 1909ರ ಒಂದೇ ವರ್ಷದಲ್ಲಿ ಅಲ್ಲಿ 3,60,000ಕ್ಕೂ ಹೆಚ್ಚು ಪಿಯಾನೋಗಳು ತಯಾರಾದವು. ಬೇಡಿಕೆಯೊಡನೆ ಕಪಟವೂ ಬೆಳೆಯಿತು. ಒಂದು ಕಾರ್ಖಾನೆಯ ವಾದ್ಯದ ಮೇಲೆ ಮತ್ತೊಂದು ಹೆಸರನ್ನು ಬರೆಸಿ ಮಾರುವ ಪದ್ಧತಿ ಹಬ್ಬಿತು. ಇಂಥವನ್ನು 'ಸ್ಟೆನ್ಸಿಲ್ ಪಿಯಾನೋ' ಎನ್ನುತ್ತಿದ್ದರು. ಕೆಲವು ಹೆಸರುಗಳಂತೂ ಸ್ಟೈನ್‌ವೇಯಂಥ ಪ್ರಸಿದ್ಧ ಸಂಸ್ಥೆಯ ಹೆಸರನ್ನೇ ಹೋಲುತ್ತಿದ್ದವು. ಮುಂದೆ ಗ್ರಾಮಫೋನು, ರೇಡಿಯೋ, 1929ರ ಆರ್ಥಿಕ ಕುಸಿತಗಳಿಂದ ಉದ್ಯಮವು ಸೊರಗಿತು; ವಾದ್ಯಗಳು ಮಾತ್ರ ಉಳಿದು, ಬೆಲೆಯರಿಯದ ವಾರಸುದಾರರ ಪಾಲಿಗೆ ಬಂದವು.

ಮನೆಯವರಿಗೆ ಕಾಣುವುದು ಮರದ ಹೊಳಪು ಮತ್ತು ಬರೆದ ಹೆಸರು. ಬಲ್ಲವನು ನೋಡುವುದು ಒಳಗಿನ ಕ್ರಮಸಂಖ್ಯೆಯನ್ನು, ನಾದಫಲಕದ ಬಿರುಕನ್ನು, ಇನ್ನೂರಕ್ಕೂ ಹೆಚ್ಚು ತಂತಿಗಳನ್ನು ಬಿಗಿದ ಗೂಟಗಳ ಹಿಡಿತವನ್ನು. ಈ ತಿಳಿವಳಿಕೆಯ ಅಂತರವೇ ಪ್ರಲೋಭನೆಯ ಮೂಲ. ಬೆಲೆ ಹೇಳಲು ಬಂದವನೇ "ಇದು ಕೆಲಸಕ್ಕೆ ಬಾರದು" ಎಂದು ತಾನೇ ಅಗ್ಗಕ್ಕೆ ಕೊಂಡರೆ? ಮಾರುವವರಿಂದ ಶುಲ್ಕ ಪಡೆದು, ಕೊಳ್ಳುವವನಿಂದಲೂ ಗುಟ್ಟಾಗಿ ದಲ್ಲಾಳಿ ಪಡೆದರೆ? ಬೆಲೆಯ ಇಂತಿಷ್ಟು ಪಾಲು ತನಗೆಂದು ಗೊತ್ತುಮಾಡಿಕೊಂಡರೆ?

1980ರ ದಶಕದಲ್ಲಿ ಅಮೆರಿಕದ ಅನೇಕ ಉಳಿತಾಯ ಸಂಸ್ಥೆಗಳು ಮುಳುಗಿದವು. ಆಸ್ತಿಗಳಿಗೆ ಉಬ್ಬಿಸಿ ಕಟ್ಟಿದ ಬೆಲೆಯೂ ಅದಕ್ಕೊಂದು ಕಾರಣವೆಂದು ಕಂಡುಬಂದಿತು. ಮೌಲ್ಯಮಾಪನ ವೃತ್ತಿಗೆ ಏಕರೂಪದ ಮಾನದಂಡಗಳು ರೂಪುಗೊಂಡದ್ದು ಆ ಕಾಲದಲ್ಲಿಯೇ; 1989ರಲ್ಲಿ ಅವು ನೆಲೆಗೊಂಡವು. ಮೌಲ್ಯಮಾಪಕನ ಸಂಭಾವನೆಯು ಅವನು ಹೇಳುವ ಬೆಲೆಯನ್ನು ಅವಲಂಬಿಸಬಾರದು, ತನ್ನ ಹಿತಾಸಕ್ತಿಯನ್ನು ಅವನು ಬಚ್ಚಿಡಬಾರದು ಎಂಬ ವಿಧಿಗಳು ಅದರಲ್ಲಿವೆ. ಚರ ವಸ್ತುಗಳಿಗೂ ಅದರಲ್ಲಿ ಪ್ರತ್ಯೇಕ ನಿಯಮಗಳುಂಟು.

ಆದರೆ ಪಿಯಾನೋಗೆ ಬೆಲೆ ಕಟ್ಟಲು ಅಲ್ಲಿ ಸರ್ಕಾರದ ಪರವಾನಗಿ ಬೇಕಿಲ್ಲ. ತಂದೆಯ ವಾದ್ಯವನ್ನು ಮಾರಲು ಹೊರಟ ಮಗಳ ಮುಂದೆ ನಿಂತಾಗ ಅವನನ್ನು ಕಾಯುವುದು ಕಡೆಗೂ ಅವನ ಅಂತಃಸಾಕ್ಷಿಯೇ. ಒರೆಗಲ್ಲಿಗೆ ಚಿನ್ನದ ಆಸೆಯಿಲ್ಲ. ಆದ್ದರಿಂದಲೇ ಅದು ತೋರಿದ್ದನ್ನು ನಾವು ನಂಬುತ್ತೇವೆ. ಇನ್ನೊಬ್ಬರ ಉತ್ತರಪತ್ರಿಕೆಯನ್ನೋ ಒಡವೆಯನ್ನೋ ಹೊಲವನ್ನೋ ಅಳೆಯಬೇಕಾಗಿ ಬಂದಾಗ ನನ್ನ ಮಕ್ಕಳಂತಿರುವ ನೀವೂ ಇದನ್ನು ನೆನೆಯಿರಿ.