ಕೆಲಸ ಮಾಡದ ಪ್ರಯೋಗದಿಂದ ಹುಟ್ಟಿದ ಸ್ವಿಚ್ಚು

ವಿಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಗೆಲುವುಗಳ ಪಟ್ಟಿಯಂತೆ ಓದುತ್ತೇವೆ. ಟ್ರಾನ್ಸಿಸ್ಟರಿನ ಚರಿತ್ರೆ ಅಂಥ ಓದಿಗೆ ಒಗ್ಗುವುದಿಲ್ಲ. ಅದರ ಮೂಲದಲ್ಲಿರುವುದೇ ಕೈಗೂಡದೆ ಹೋದ ಒಂದು ಪ್ರಯೋಗ.

1945ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲಿಯಂ ಶಾಕ್ಲಿ ಒಂದು ಲೆಕ್ಕ ಹಾಕಿದರು. ಅರೆವಾಹಕದ ತೆಳು ಪದರದ ಸಮೀಪ ಲೋಹದ ಫಲಕವನ್ನಿರಿಸಿ ಅದಕ್ಕೆ ವೋಲ್ಟೇಜು ಕೊಟ್ಟರೆ, ಪದರದೊಳಗಿನ ವಿದ್ಯುತ್ ಪ್ರವಾಹ ಏರಿಳಿಯಬೇಕು. ಲೆಕ್ಕದಲ್ಲಿ ದೋಷ ಕಾಣಲಿಲ್ಲ. ಉಪಕರಣ ಮಾತ್ರ ಮಿಸುಕಲಿಲ್ಲ. ಆ ಸೋಲನ್ನು ಬದಿಗೊತ್ತದೆ, ಅದು ಏಕೆ ಆಗಲಿಲ್ಲ ಎಂದು ಚಿಂತಿಸಿದವರು ಜಾನ್ ಬಾರ್ಡೀನ್. ಮೇಲ್ಮೈಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಹೊರಗಿನ ವಿದ್ಯುತ್ ಕ್ಷೇತ್ರವನ್ನು ಒಳಗಿಳಿಯದಂತೆ ತಡೆಯುತ್ತಿವೆ ಎಂಬುದು 1946ರಲ್ಲಿ ಅವರು ಕೊಟ್ಟ ವಿವರಣೆ. ಆ ಮೇಲ್ಮೈಯ ಗುಟ್ಟನ್ನು ಅರಸುತ್ತ ಅವರೂ ವಾಲ್ಟರ್ ಬ್ರಾಟೇನರೂ 1947ರ ಡಿಸೆಂಬರ್ 16ರಂದು ಮೊದಲ ಟ್ರಾನ್ಸಿಸ್ಟರಿಗೆ ತಲುಪಿದರು. ಪ್ಲಾಸ್ಟಿಕ್ ತ್ರಿಕೋನದ ಅಂಚಿಗೆ ಚಿನ್ನದ ಹಾಳೆ ಅಂಟಿಸಿ, ತುದಿಯಲ್ಲಿ ಬ್ಲೇಡಿನಿಂದ ಸೀಳಿ, ಜರ್ಮೇನಿಯಂ ತುಣುಕಿನ ಮೇಲೆ ಒತ್ತಿಟ್ಟ ಸಾಧನವದು. 1956ರ ನೊಬೆಲ್ ಬಹುಮಾನ ಮೂವರಿಗೂ ಸಂದಿತು. ಶಾಕ್ಲಿಯವರ ಮೊದಲ ಕನಸಂತೂ 1959ರವರೆಗೆ ಕಾಯಬೇಕಾಯಿತು. ಸಿಲಿಕಾನಿನ ಮೇಲೆ ಆಕ್ಸೈಡಿನ ಪದರ ಬೆಳೆಸಿ ಅಟಲ್ಲಾ ಮತ್ತು ಕಾಂಗ್ ಎಂಬಿಬ್ಬರು ಅದನ್ನು ನನಸಾಗಿಸಿದರು. ಇಂದಿನ ಮಾಸ್‌ಫೆಟ್ ಅದೇ.

ರೇಡಿಯೊಗೆ ಬೇಕಾದದ್ದು ದನಿಯನ್ನು ಹಿಗ್ಗಿಸುವ ಟ್ರಾನ್ಸಿಸ್ಟರು. ಗಣಕಕ್ಕೆ ಬೇಕಾದದ್ದು ಸ್ವಿಚ್ಚು. ಹಿಗ್ಗಿಸುವ ಕೆಲಸ ನಡುವಣ ಸ್ಥಿತಿಯಲ್ಲಿ ನಡೆಯುತ್ತದೆ. ಸ್ವಿಚ್ಚಿಗೆ ಪೂರ್ತಿ ತೆರೆದ, ಪೂರ್ತಿ ಮುಚ್ಚಿದ ಎರಡೇ ಸ್ಥಿತಿಗಳು. ಒಂದೇ ವಸ್ತುವಿನ ಈ ಎರಡು ಧರ್ಮಗಳನ್ನು ಬೆರೆಸಿದಾಗ ಹುಟ್ಟುವ ತೊಡಕು ಇಂದಿಗೂ ಜೀವಂತವಾಗಿದೆ.

ಲ್ಯಾಮಿಂಗ್ಟನ್ ರಸ್ತೆಯಲ್ಲೋ ರಿಚ್ಚಿ ಸ್ಟ್ರೀಟಿನಲ್ಲೋ ಬಿಡಿಭಾಗ ಕೊಂಡು, ಆರ್ಡುಯಿನೊದಿಂದ ರಿಲೇ ನಡೆಸಹೊರಟ ವಿದ್ಯಾರ್ಥಿಯನ್ನು ನೆನೆಯಿರಿ. ರಿಲೇಯ ಸುರುಳಿ 70 ಓಮಿನದು. 5 ವೋಲ್ಟಿಗೆ ಸುಮಾರು 71 ಮಿಲಿಆಂಪಿಯರ್ ಬೇಡುತ್ತದೆ. ಅಷ್ಟನ್ನು ಮೈಕ್ರೊಕಂಟ್ರೋಲರಿನ ಕಾಲು ಕೊಡಲಾರದು. ಆದ್ದರಿಂದ ನಡುವೆ ಎನ್‌ಪಿಎನ್ ಟ್ರಾನ್ಸಿಸ್ಟರು. ಬೇಸಿಗೆ 10 ಕಿಲೊಓಮಿನ ರೆಸಿಸ್ಟರು. ಪ್ರೋಗ್ರಾಮು ಸರಿಯಿದೆ, ಬೇಸಿನಲ್ಲಿ 0.7 ವೋಲ್ಟು ಇದೆ, ರಿಲೇ ಮಾತ್ರ ಸೆಳೆಯುತ್ತಿಲ್ಲ.

ಮಲ್ಟಿಮೀಟರನ್ನು ಕಲೆಕ್ಟರಿಗೂ ಎಮಿಟರಿಗೂ ನಡುವೆ ಹಿಡಿದರೆ 2 ವೋಲ್ಟು ತೋರುತ್ತದೆ. ಪೂರ್ತಿ ತೆರೆದ ಸ್ವಿಚ್ಚಿನಲ್ಲಿ ಅದು ಸುಮಾರು 0.2ರೊಳಗಿರಬೇಕಿತ್ತು. ಬೇಸಿಗೆ ಹರಿಯುತ್ತಿರುವುದು 0.43 ಮಿಲಿಆಂಪಿಯರ್, ಟ್ರಾನ್ಸಿಸ್ಟರು ಅದನ್ನು ನೂರು ಪಟ್ಟು ಹಿಗ್ಗಿಸಿದರೂ 43ಕ್ಕೆ ನಿಲ್ಲುತ್ತದೆ. ಸುರುಳಿಗೆ ಸಿಗುವುದು 3 ವೋಲ್ಟು ಮಾತ್ರ. ಸ್ವಿಚ್ಚಾಗಬೇಕಾದದ್ದು ನಡುಹಾದಿಯಲ್ಲಿ ನಿಂತಿದೆ. ಪರಿಹಾರ ಸರಳ: ಬೇಕಾದ ಪ್ರವಾಹದ ಹತ್ತನೆಯ ಒಂದು ಪಾಲನ್ನು, ಅಂದರೆ 7 ಮಿಲಿಆಂಪಿಯರನ್ನು, ಬೇಸಿಗೆ ಕೊಡುವುದು. 560 ಓಮಿನ ರೆಸಿಸ್ಟರು ಸಾಕು. ಎರಡು ಬೇರೆ ವಿದ್ಯುನ್ಮೂಲಗಳಿದ್ದರೆ ಅವುಗಳ ಗ್ರೌಂಡು ಕೂಡಿರಲೇಬೇಕು. ಇಲ್ಲವಾದರೆ ಬೇಸಿನ ಪ್ರವಾಹಕ್ಕೆ ಮರಳುವ ದಾರಿಯೇ ಇರುವುದಿಲ್ಲ.

ಇನ್ನೊಂದು ತೊಡಕು ಟ್ರಾನ್ಸಿಸ್ಟರಿಗಿಂತ ನೂರು ವರ್ಷ ಹಳೆಯದು. ಸುರುಳಿಯ ಪ್ರವಾಹವನ್ನು ತಟ್ಟನೆ ಕಡಿದರೆ ಕಿಡಿ ಹಾರುತ್ತದೆಂದು ಜೋಸೆಫ್ ಹೆನ್ರಿ 1832ರಲ್ಲಿ ಪ್ರಕಟಿಸಿದ್ದರು. ರಿಲೇಯ ತತ್ತ್ವವನ್ನು 1835ರಲ್ಲಿ ಮಾಡಿ ತೋರಿಸಿದವರೂ ಅವರೇ. ಇಂದಿನ ರಿಲೇ ಮುಚ್ಚುವಾಗ ಅದೇ ಕಿಡಿಯ ವೋಲ್ಟೇಜು ಟ್ರಾನ್ಸಿಸ್ಟರನ್ನು ಕೊಲ್ಲುತ್ತದೆ. ಸುರುಳಿಗೆ ಅಡ್ಡಲಾಗಿ ಹಿಮ್ಮುಖವಾಗಿ ಕೂರಿಸಿದ ಒಂದು ಡಯೋಡು ಆ ಶಕ್ತಿಗೆ ಸುತ್ತಿಬರುವ ದಾರಿ ಕೊಟ್ಟು ಅದನ್ನು ತಣಿಸುತ್ತದೆ.

ಟ್ರಾನ್ಸಿಸ್ಟರು ಇಂದು ಕೆಲವೇ ರೂಪಾಯಿಯ ಸರಕು. ನಡೆಯದಿದ್ದರೆ ಕಿತ್ತೆಸೆದು ಮತ್ತೊಂದನ್ನು ಹಾಕುವುದು ಸುಲಭ. ರೆಸಿಸ್ಟರು ಅದೇ ಆಗಿದ್ದರೆ ಹೊಸತೂ ನಡೆಯುವುದಿಲ್ಲ. ಅಗ್ಗದ ವಸ್ತುಗಳ ಕಾಲದಲ್ಲಿ ನಾವು ಕಳೆದುಕೊಳ್ಳುತ್ತಿರುವುದು ಬಿಡಿಭಾಗಗಳನ್ನಲ್ಲ, ‘ಏಕೆ ಆಗಲಿಲ್ಲ’ ಎಂದು ಕೇಳುವ ತಾಳ್ಮೆಯನ್ನು. ಬಾರ್ಡೀನರಿಗೆ ಆ ತಾಳ್ಮೆ ಇಲ್ಲದಿದ್ದರೆ, ಎಸೆಯಲು ನಮ್ಮ ಕೈಯಲ್ಲಿ ಟ್ರಾನ್ಸಿಸ್ಟರೂ ಇರುತ್ತಿತ್ತೋ ಇಲ್ಲವೋ.