ಹೊಟ್ಟೆಯ ಹುಣ್ಣು, ಉಸಿರಿನ ಸಾಕ್ಷ್ಯ

ನಮ್ಮ ಬಳಗದ ಸದಸ್ಯರೊಬ್ಬರು ಕಳೆದ ವರ್ಷ ಪುಣೆಯಲ್ಲಿ ಹೊಟ್ಟೆನೋವಿಗೆಂದು ವೈದ್ಯರಲ್ಲಿಗೆ ಹೋದಾಗ, ಗಂಟಲೊಳಗೆ ನಳಿಗೆ ಇಳಿಸುವರೆಂಬ ಅಳುಕಿನಲ್ಲೇ ಇದ್ದರಂತೆ. ಹಾಗೇನೂ ಆಗಲಿಲ್ಲ. ಒಂದು ಚೀಲದೊಳಕ್ಕೆ ಊದಿಸಿದರು, ಹುಳಿರುಚಿಯ ನೀರು ಕುಡಿಸಿದರು, ತುಸು ಹೊತ್ತು ಕೂರಿಸಿ ಇನ್ನೊಂದು ಚೀಲದೊಳಕ್ಕೆ ಊದಿಸಿದರು. ಹೊಟ್ಟೆಯ ಕಾಯಿಲೆಗೆ ಉಸಿರನ್ನೇಕೆ ಪರೀಕ್ಷಿಸಬೇಕೆಂದು ಅವರು ನಮ್ಮನ್ನು ಕೇಳಿದರು. ಉತ್ತರವನ್ನು ಹುಡುಕುತ್ತ ಹೋದ ನಾವು 1924ಕ್ಕೆ ಹೋಗಿ ನಿಂತೆವು.

ಉಸಿರಿನ ಪರೀಕ್ಷೆಗಳು ಒಂದೇ ಬಗೆಯವಲ್ಲ. ಹಾಲಿನ ಸಕ್ಕರೆ ಅರಗದಿದ್ದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್ ಹುಟ್ಟಿಸುತ್ತವೆ. ಅದರಲ್ಲೊಂದು ಪಾಲು ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಹೊರಬೀಳುತ್ತದೆ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲವನ್ನು ತಯಾರಿಸುವುದಿಲ್ಲವಾದ್ದರಿಂದ ಅದು ಕಂಡರೆ ಕರುಳಿನದೇ ಎನ್ನಬಹುದು. ಅಮೆರಿಕದ ಮೈಕೆಲ್ ಲೆವಿಟ್ 1969ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾರ್ಗಕ್ಕೆ ಅಡಿಪಾಯವಾಯಿತು. ನಮ್ಮ ಗೆಳೆಯರಿಗೆ ಮಾಡಿದ್ದು ಇದಲ್ಲ, ಯೂರಿಯಾ ಪರೀಕ್ಷೆ. ಅದರ ಚರಿತ್ರೆ ಹೆಚ್ಚು ನೋವಿನದು.

ಯೂರಿಯಾವನ್ನು ಒಡೆಯುವ ಯೂರಿಯೇಸ್ ಎಂಬ ಕಿಣ್ವ ಜಠರದಲ್ಲಿದೆಯೆಂದು 1924ರಲ್ಲಿ ಲಕ್ ಮತ್ತು ಸೇಠ್ ಎಂಬಿಬ್ಬರು ವರದಿ ಮಾಡಿದರು. ಅದು ಜಠರದ ಗೋಡೆಯದೇ ಸ್ವತ್ತೆಂದು ಬಹುಕಾಲ ನಂಬಲಾಗಿತ್ತು. ಯೂರಿಯಾ ಒಡೆದಾಗ ಹುಟ್ಟುವ ಅಮೋನಿಯಾ ಆಮ್ಲವನ್ನು ತಗ್ಗಿಸುತ್ತದೆ, ಆದ್ದರಿಂದ ಈ ಕಿಣ್ವ ದೇಹದ ರಕ್ಷಣೋಪಾಯವಿರಬೇಕು ಎಂಬುದು ತರ್ಕ. ಡಬ್ಲಿನ್ನಿನ ಆಲಿವರ್ ಫಿಟ್ಜೆರಾಲ್ಡ್ ಇದೇ ತರ್ಕವನ್ನು ಹಿಡಿದು ಹುಣ್ಣಿನ ರೋಗಿಗಳಿಗೆ ಯೂರಿಯಾವನ್ನೇ ಔಷಧವಾಗಿ ಕೊಟ್ಟರು. ಆಮ್ಲದಿಂದ ಪಾರಾಗಲು ರೋಗಾಣುವಿಗೆ ಬೇಕಾದ ಗುರಾಣಿಯನ್ನೇ ಕೈಯಾರೆ ಒದಗಿಸಿದಂತಾಯಿತೆಂದು ಈಗ ತಿಳಿದಿದೆ. ಆದರೆ ಅವರನ್ನು ನೋಡಿ ನಗಲು ನಮಗೆ ಮನಸ್ಸಾಗುವುದಿಲ್ಲ, ಏಕೆಂದರೆ ಕಿಣ್ವಕ್ಕೂ ಹುಣ್ಣಿಗೂ ಸಂಬಂಧವುಂಟೆಂದು ಊಹಿಸಿದ ಕೆಲವೇ ಮಂದಿಯಲ್ಲಿ ಅವರೊಬ್ಬರು.

1950ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾನ್ಸ್ ಕಾರ್ನ್‌ಬರ್ಗ್ ಎಂಬ ಯುವ ಸಂಶೋಧಕರು ಡೇವಿಸ್ ಅವರೊಡನೆ ಪ್ರಯೋಗಶಾಲೆಯ ಪ್ರಾಣಿಗಳಿಗೆ ವಿಕಿರಣಶೀಲ ಇಂಗಾಲವಿದ್ದ ಯೂರಿಯಾವನ್ನು ಕೊಟ್ಟು, ಆ ಇಂಗಾಲ ಉಸಿರಿನಲ್ಲಿ ಹೊರಬರುವುದನ್ನು ಅಳೆದರು. ಆಂಟಿಬಯೋಟಿಕ್ ಕೊಟ್ಟಾಗ ಯೂರಿಯೇಸಿನ ಚಟುವಟಿಕೆ ಕುಗ್ಗಿತು. ಅಂದರೆ ಕಿಣ್ವ ದೇಹದ್ದಲ್ಲ, ಬ್ಯಾಕ್ಟೀರಿಯಾದ್ದು. ಇಂದಿನ ಪರೀಕ್ಷೆಯ ಮುಖ್ಯ ಸಾಮಗ್ರಿಯೆಲ್ಲ ಅಲ್ಲಿ ಸಿದ್ಧವಿತ್ತು.

ಆದರೆ 1954ರಲ್ಲಿ ಅಮೆರಿಕದ ಎಡ್ಡಿ ಪಾಮರ್ ಸಾವಿರಕ್ಕೂ ಹೆಚ್ಚು ಜನರ ಜಠರದ ತುಣುಕುಗಳನ್ನು ಪರೀಕ್ಷಿಸಿ, ಅಲ್ಲಿ ಬ್ಯಾಕ್ಟೀರಿಯಾ ನೆಲೆಸುವುದಿಲ್ಲವೆಂದು ತೀರ್ಮಾನಿಸಿದರು. ಆ ಸೂಕ್ಷ್ಮಜೀವಿಯನ್ನು ಚೆನ್ನಾಗಿ ತೋರಿಸುವ ಬೆಳ್ಳಿಯ ಬಣ್ಣವನ್ನು ಅವರು ಬಳಸಿರಲಿಲ್ಲ. ಆಮ್ಲದ ಮಡುವಿನಲ್ಲಿ ಯಾವ ಜೀವ ಉಳಿದೀತು ಎಂಬ ನಂಬಿಕೆಗೆ ಇದು ಮುದ್ರೆಯೊತ್ತಿತು. 1959ರಲ್ಲಿ ಲೀಬರ್ ಮತ್ತು ಲೆಫೆವರ್ ಮೂತ್ರಪಿಂಡ ಕೆಟ್ಟ ರೋಗಿಗಳಲ್ಲೂ ಆಂಟಿಬಯೋಟಿಕ್ಕಿನಿಂದ ಜಠರದ ಅಮೋನಿಯಾ ಇಳಿಯುವುದನ್ನು ತೋರಿಸಿದರೂ ಹುಣ್ಣಿನ ವೈದ್ಯರು ಅತ್ತ ತಿರುಗಿ ನೋಡಲಿಲ್ಲ.

ಆ ದಶಕಗಳಲ್ಲಿ ಹುಣ್ಣಿನವರ ಪಾಡೇನಾಗಿತ್ತು? ಗಂಟೆಗೊಮ್ಮೆ ಹಾಲು, ಕೆನೆ. ಖಾರ ಬಿಡಿ, ಚಿಂತೆ ಬಿಡಿ ಎಂಬ ಉಪದೇಶ. ಅದಕ್ಕೂ ಬಗ್ಗದಿದ್ದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ, ಇಲ್ಲವೇ ಅದರ ನರವನ್ನು ಕಡಿಯುವ ಶಸ್ತ್ರಚಿಕಿತ್ಸೆ. ಕನ್ನಡದಲ್ಲಿ ಹೊಟ್ಟೆಯುರಿ ಎಂದರೆ ಅಸೂಯೆಯೂ ಹೌದು. ಹುಣ್ಣನ್ನು ರೋಗಿಯ ಸ್ವಭಾವಕ್ಕೆ ಕಟ್ಟುವುದು ನಮ್ಮವರಿಗೂ ಸುಲಭವೇ ಆಗಿತ್ತು.

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಆ ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಈಸ್ಟರ್ ರಜೆಯ ಕಾರಣ ತಟ್ಟೆಗಳು ವಾಡಿಕೆಗಿಂತ ಹೆಚ್ಚು ದಿನ ಉಳಿದದ್ದೇ ನೆರವಾಯಿತು. 1984ರಲ್ಲಿ ಮಾರ್ಷಲ್ ಸ್ವತಃ ಅದನ್ನು ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಬಾಯಿ ನಾರುತ್ತಿದೆಯೆಂದು ಮನೆಯವರೇ ಹೇಳಿದರು. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಮುಂದೆ ಹೆಸರಾದ ಈ ಜೀವಿ ಯೂರಿಯೇಸನ್ನು ಧಾರಾಳವಾಗಿ ತಯಾರಿಸುತ್ತದೆಂದು ತಿಳಿದ ಮೇಲೆ ಹಳೆಯ ತುಂಡುಗಳೆಲ್ಲ ತಾವಾಗಿಯೇ ಜೋಡಿಕೊಂಡವು. 1987ರಲ್ಲಿ ಹ್ಯೂಸ್ಟನ್ನಿನ ಡೇವಿಡ್ ಗ್ರಹಾಂ ಮತ್ತು ಸಂಗಡಿಗರು ವಿಕಿರಣವಿಲ್ಲದ ಇಂಗಾಲ-13 ಬಳಸಿ ಉಸಿರಿನ ಪರೀಕ್ಷೆಯನ್ನು ಪ್ರಕಟಿಸಿದರು. ಮರುವರ್ಷವೇ ಮಾರ್ಷಲ್ ಇಂಗಾಲ-14ರ ಪರೀಕ್ಷೆಯನ್ನು ವರದಿ ಮಾಡಿದರು. ವಾರೆನ್ ಮತ್ತು ಮಾರ್ಷಲ್ ಅವರಿಗೆ ನೊಬೆಲ್ ಬಂದದ್ದು 2005ರಲ್ಲಿ. ಶೆಫೀಲ್ಡಿನ ಪ್ರಯೋಗಕ್ಕೂ ಹ್ಯೂಸ್ಟನ್ನಿನ ಪರೀಕ್ಷೆಗೂ ನಡುವೆ ಮೂವತ್ತು ವರ್ಷಗಳಿಗೂ ಮಿಕ್ಕ ಅಂತರ.

ನಮ್ಮ ಗೆಳೆಯರ ಉಸಿರಿನಲ್ಲಿ ಆ ಇಂಗಾಲ ಸಿಕ್ಕಿತು. ಎರಡು ವಾರ ಮಾತ್ರೆಗಳನ್ನು ನುಂಗಿದರು. ಆಂಟಿಬಯೋಟಿಕ್ ಮುಗಿದು ನಾಲ್ಕು ವಾರ ಕಳೆಯದೆ ಮರುಪರೀಕ್ಷೆ ನಂಬಲರ್ಹವಲ್ಲ, ಅದಕ್ಕೆ ಎರಡು ವಾರ ಮುಂಚೆಯೇ ಆಮ್ಲ ತಗ್ಗಿಸುವ ಗುಳಿಗೆಯನ್ನೂ ಬಿಟ್ಟಿರಬೇಕೆಂದು ವೈದ್ಯರು ಹೇಳಿದ್ದರು. ಹಾಗೆಯೇ ಕಾದು, ಮತ್ತೊಂದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಿ ಊದಿ ಬಂದರು. ಈ ಸಲ ಏನೂ ಸಿಗಲಿಲ್ಲ.